ಕೂಡುಪಟ ಕೇಳಿದ ಹೆಸರು

ಬೆಟಗೇರಿ,
ಫೆಬ್ರವರಿ ೩೦, ೨೧೨೯

ನಮಗಿಂತ ಹಿಂದಿನವರಿಗೆ,

ಮೇಲಿನ ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇಲ್ಲ, ನಮ್ಮದರಲ್ಲಿ ಇದೆ. ನಾವು ಎಲ್ಲ ತಿಂಗಳುಗಳನ್ನೂ ಮೂವತ್ತಕ್ಕೆ ಸಮ ಮಾಡಿ, ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಇಟ್ಟುಕೊಂಡಿದ್ದೇವೆ. ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಅದಕ್ಕೆ ಕ್ಷಮೆ ಇರಲಿ. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಹಿರಿಯರೇ ಎಂದು ಕರೆಯಬೇಕೋ ಹೇಗೋ ತಿಳಿಯದು. ನೀವು ನನ್ನ ಮುತ್ತಜ್ಜನ ಕಾಲದವರು, ಆದರೆ ಇದನ್ನು ಓದುವಾಗ ಬಹುಪಾಲು ನನಗಿಂತ ಚಿಕ್ಕ ವಯಸ್ಸಿನವರು. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಸಿಟ್ಟು ಮುಂದಕ್ಕೆ ಮಾತ್ರ ಹರಿಯಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹೀಗಾಗಿ ಬರೆಯುತ್ತಿದ್ದೇನೆ.

ಮೊದಲು ಕೂಡುಪಟ ಎಂದರೇನೆಂದು ಹೇಳುತ್ತೇನೆ. ನೀವೇ ಅದನ್ನು ಶುರು ಮಾಡಿದವರು, ಬೇರೆ ಹೆಸರಿನಲ್ಲಿ. ಒಬ್ಬ ಮನುಷ್ಯನ ಆರೈಕೆಗೆ ಸಂಬಂಧಿಸಿದ್ದೆಲ್ಲ ಒಂದೇ ಪುಟದಲ್ಲಿರಬೇಕು, ಅದನ್ನು ಆಸ್ಪತ್ರೆಯೂ ಓದಬೇಕು, ಪಿಂಚಣಿ ಕಚೇರಿಯೂ ಓದಬೇಕು, ಮನೆಗೆ ಬಂದು ಮೈ ಒರೆಸುವವರೂ ಓದಬೇಕು ಎಂಬ ಯೋಚನೆ ನಿಮ್ಮದು. ಈಗ ಪ್ರತಿ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಅಂಗೈಯಗಲದ ಒಂದು ಗಾಜು ಇರುತ್ತದೆ. ಒಳಗಿರುವವರ ಪಟ ಅದರಲ್ಲಿ ಮೂಡುತ್ತದೆ. ಸೂರ್ಯ ಏರುವ ಮುಂಚೆ ನಮ್ಮ ಓಣಿಯ ಅಡುಗೆಮನೆಯಿಂದ ರೊಟ್ಟಿಯ ಬುಟ್ಟಿಗಳು ಹೊರಡುತ್ತವೆ. ಯಾರ ಪಲ್ಯಕ್ಕೆ ಉಪ್ಪು ಕಡಿಮೆ, ಯಾರಿಗೆ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಬೇಕು ಎಂಬುದನ್ನು ಅಡುಗೆಯವರು ಪಟ ನೋಡಿಯೇ ತಿಳಿಯುತ್ತಾರೆ. ಮೊಣಕಾಲು ನೋವಿನವರು ನಿಲ್ದಾಣಕ್ಕೆ ಬರುತ್ತಿದ್ದರೆ ಬಸ್ಸು ತಾನಾಗಿ ಕಾಯುತ್ತದೆ. ಹೊತ್ತು ಏರಿದ ಮೇಲೆ ಬೀದಿಗೆಲ್ಲ ಬಿಳಿ ಬಟ್ಟೆಯ ಚಪ್ಪರ ಬಿಚ್ಚಿಕೊಳ್ಳುತ್ತದೆ, ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ. ಆಗ ಒಂಟಿಯಾಗಿರುವವರ ಮನೆಯ ನೀರಿನ ಕೊಡ ಖಾಲಿಯಾದರೆ ಅದೂ ಪಟಕ್ಕೆ ಗೊತ್ತಾಗುತ್ತದೆ.

ಇದನ್ನು ನಾನು ಹಳಿಯುವುದಿಲ್ಲ. ನಿಮ್ಮ ಕಾಲದ ಪತ್ರಿಕೆಗಳನ್ನು ಗದಗಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಓದಿದವನು ನಾನು. ಎಕ್ಸ್‌ರೇ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನೀವು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದದ್ದು, ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದೆ ಕೊಟ್ಟ ಗುಳಿಗೆಗಳು ಒಂದೇ ಹೊಟ್ಟೆಯಲ್ಲಿ ಜಗಳವಾಡಿದ್ದು, ಅದೇ ಕಥೆಯನ್ನು ಪ್ರತಿ ಮೇಜಿನ ಮುಂದೆ ಮೊದಲಿಂದ ಹೇಳಿ ಸುಸ್ತಾದದ್ದು ನನಗೆ ಗೊತ್ತು. ನಾನೇ ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಎಚ್ಚರ ತಪ್ಪಿ ಬಿದ್ದಾಗ ಯಾವ ಚುಚ್ಚುಮದ್ದು ನನಗೆ ಆಗದು ಎಂಬುದನ್ನು ಅಪರಿಚಿತರಿಗೆ ಹೇಳಿದ್ದು ನನ್ನ ಪಟ. ಉಪಕಾರ ಮರೆಯುವ ಜಾತಿ ನನ್ನದಲ್ಲ.

ಆದರೆ ಅದೇ ನೆಲಮಾಳಿಗೆಯಲ್ಲಿ ನಿಮ್ಮ ಕಾಲದ ಒಂದು ಸಭೆಯ ನಡಾವಳಿಯನ್ನೂ ಓದಿದೆ. ಯಾವ ಊರಿನ ಸಭೆ ಎಂಬುದು ಆ ಹಾಳೆಯಲ್ಲಿ ಉಳಿದಿಲ್ಲ. ಪಟ ನೋಡಿದ ಸಿಬ್ಬಂದಿ ಮೊದಲು ‘ಓದಿದೆ’ ಎಂಬ ಗುಂಡಿ ಒತ್ತಬೇಕಿತ್ತು, ತಾವೇ ಪರೀಕ್ಷಿಸಿ ಸರಿ ಎನಿಸಿದರೆ ‘ಒಪ್ಪಿದೆ’ ಎಂಬ ಇನ್ನೊಂದು ಗುಂಡಿ. ಕೆಲಸದವರಿಗೆ ಹೊರೆಯಾಗುತ್ತದೆ, ಎರಡನ್ನೂ ಒಂದು ಮಾಡೋಣ ಎಂದು ಯಾರೋ ಸೂಚಿಸಿದರು. ಯಾರೂ ವಿರೋಧಿಸಲಿಲ್ಲ. ಬಳಿಕ ಚಹಾ ಬಂತು ಎಂದೂ ಬರೆದಿದೆ. ಅಂದಿನಿಂದ ನಮ್ಮಲ್ಲಿ ಓದುವುದೂ ಒಪ್ಪುವುದೂ ಒಂದೇ. ಆ ಚಹಾದ ಬೆಲೆಯನ್ನು ನನ್ನ ನೆರೆಮನೆಯ ಸಾವಂತ್ರೆವ್ವ ತೆತ್ತಳು.

ಸಾವಂತ್ರೆವ್ವ ಮತ್ತು ಅವಳ ಗಂಡ ಇಬ್ಬರೂ ನೇಕಾರರು. ಬೆಟಗೇರಿಯಲ್ಲಿ ಈಗಲೂ ಕೆಲವು ಮಗ್ಗಗಳು ಸದ್ದು ಮಾಡುತ್ತವೆ. ಅವಳ ಗಂಡನ ಹೆಸರನ್ನು ನಾನು ಈಗಲೇ ಬರೆಯುವುದಿಲ್ಲ, ಅವಳು ಹೇಳಿದ ಜಾಗದಲ್ಲಿ ಬರೆಯುತ್ತೇನೆ. ಬದುಕಿನುದ್ದಕ್ಕೂ ಅವಳು ಆತನನ್ನು ಹೆಸರು ಹಿಡಿದೇ ಕರೆದವಳು, ನಮ್ಮ ಕಾಲದ ಹೆಂಗಸರೆಲ್ಲ ಹಾಗೆಯೇ. ಅವಳ ದನಿ ಓಣಿಯ ಆ ತುದಿಗೆ ಕೇಳುತ್ತಿತ್ತು. ಒಂದು ಮುಂಜಾನೆ ಚಹಾ ಆರುತ್ತದೆ ಎಂದು ಒಳಗಿನಿಂದ ಸಿಟ್ಟಿನಲ್ಲಿ ಆತನ ಹೆಸರು ಕೂಗಿದಳು. ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಆತ ಮಗ್ಗದ ಪಕ್ಕ ಬಿದ್ದಿದ್ದ, ಬಾಯಿ ಸೊಟ್ಟಗಾಗಿತ್ತು. ಪಾರ್ಶ್ವವಾಯು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತು ಪೂರ್ತಿ ಹೋಯಿತು.

ಅಂದಿನಿಂದ ಅವಳು ಆ ಹೆಸರನ್ನು ಬಾಯಿಗೆ ತರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ನಿಮ್ಮ ಕಾಲಕ್ಕೇ ಸವೆಯುತ್ತಿದ್ದ ನಂಬಿಕೆ ಅದು. ನಂಬಿಕೆಗಳು ಸತ್ತವೆಂದು ಪುಸ್ತಕಗಳು ಹೇಳುತ್ತವೆ, ಅವು ಭಯ ಬಂದಾಗ ಎದ್ದು ಕೂರುತ್ತವೆ. ನಾನು ಬುದ್ಧಿ ಹೇಳಲು ಹೋದೆ. ಅವಳು ಗಂಡನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ಅಂದಳು: “ಇಂದುಧರಣ್ಣ, ನೀ ಓದಿದಾಂವ. ಹೆಸರ ಹೇಳಿದ್ರ ಏನೂ ಆಗೂದಿಲ್ಲ ಅಂತ ನಿನ್ನ ಪುಸ್ತಕದಾಗ ಬರದಾರ, ಖರೆ. ಇವರಿಗೆ ಲಕ್ವಾ ಹೊಡಿತೈತಿ ಅಂತ ಬರದಿದ್ರೇನು?” ಅಡುಗೆಮನೆಯ ಬುಟ್ಟಿ ತರುವ ಮಾಬೂಬಿ ಮಾತ್ರ ಅವಳನ್ನು ಕಾಡಿಸುತ್ತಿದ್ದಳು. “ಹೇಳಿಬಿಡಕ್ಕಾ ಅತ್ಲಾಗ. ನಿನ್ನ ಗಂಡ ಏನು ಕಡ್ಲಿಕಾಳ ಅದಾನ, ಬಾಯಾಗ ಹಾಕ್ಕೊಂಡ್ರ ಮುಗದ ಹೋಗಾಕ?” ಸಾವಂತ್ರೆವ್ವ ನಗುತ್ತಿದ್ದಳು, ಹೆಸರು ಮಾತ್ರ ಹೇಳುತ್ತಿರಲಿಲ್ಲ. ಓಣಿಗೆಲ್ಲ ಈ ವಿಷಯ ಗೊತ್ತಿತ್ತು. ಗೊತ್ತಿಲ್ಲದ್ದು ಪಟಕ್ಕೆ ಮಾತ್ರ.

ವಯಸ್ಸಾದವರ ನೆನಪನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಪದ್ಧತಿ ನಮ್ಮಲ್ಲಿದೆ. ಹೊಸದಾಗಿ ಬಂದ ಆರೈಕೆಯವನೊಬ್ಬ ಗಾಜಿನ ಮೇಲೆ ಮೂಡಿದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ. ಇದು ಯಾವ ಊರು, ನಿನ್ನೆ ಏನು ಉಂಡಿರಿ, ಎಲ್ಲಕ್ಕೂ ಸರಿಯಾಗಿ ಹೇಳಿದಳು. ಗಂಡನ ಹೆಸರೇನು ಎಂಬ ಪ್ರಶ್ನೆ ಬಂತು. “ಅಲ್ಲೋ ತಮ್ಮಾ, ಹಂಗ ಕೇಳ್ತಾರೇನು?” ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಅವನು ದಕ್ಷಿಣದ ಯಾವುದೋ ನಗರದವನು, ಕೆಟ್ಟವನೇನಲ್ಲ. ‘ಗಂಡನ ಹೆಸರು ಹೇಳಲಿಲ್ಲ’ ಎಂದು ನಮೂದಿಸಿದ. ಹಿಂದಿನ ವರ್ಷಗಳಲ್ಲಿ ತಡೆಯಿಲ್ಲದೆ ಹೇಳಿದ್ದಳೆಂಬುದು ಪಟದಲ್ಲಿತ್ತು. ಎರಡನ್ನೂ ಕೂಡಿಸಿ ಪಟ ತಾನೇ ಒಂದು ಮಾತು ಬರೆದುಕೊಂಡಿತು: ‘ನೆನಪು ಇಳಿಯುತ್ತಿದೆ. ಹತ್ತಿರದವರ ಗುರುತು ಅಳಿಸಿದೆ.’

ಆಸ್ಪತ್ರೆ ಅದನ್ನು ಓದಿತು, ಎಂದರೆ ಒಪ್ಪಿತು. ಗಂಡನ ಕೈಕಾಲಿಗೆ ಅಂಗಸಾಧನೆ ಮಾಡಿಸುವವರು ಓದಿದರು, ಒಪ್ಪಿದರು. ಪಿಂಚಣಿ ಕಚೇರಿ, ಬಸ್ಸಿನವರು, ನೀರಿನವರು, ಅಡುಗೆಮನೆಯ ಮೇಲ್ವಿಚಾರಕರು. ಇನ್ನೂ ಕೆಲವರು ಸೇರಿ ಒಪ್ಪಿಗೆಗಳು ಹನ್ನೊಂದಾದವು. ಯಾರೂ ಅವಳನ್ನು ಮತ್ತೆ ಏನನ್ನೂ ಕೇಳಲಿಲ್ಲ. ಪಟದಲ್ಲಿ ಉತ್ತರ ಇರುವಾಗ ಮನುಷ್ಯರನ್ನು ಕೇಳುವುದು ನಮ್ಮ ಕಾಲದಲ್ಲಿ ಅಸಭ್ಯತೆ. ಒಂದು ಬೆಳಿಗ್ಗೆ ಅವಳ ಒಲೆ ಹತ್ತಲಿಲ್ಲ, ನೆನಪಿಲ್ಲದವರ ಒಲೆಗೆ ಬೀಗ ಬೀಳುತ್ತದೆ. ಬಸ್ಸು ಅವಳೊಬ್ಬಳೇ ಹತ್ತಿದರೆ ಹೊರಡುವುದಿಲ್ಲ ಎಂದು ನಿಂತಿತು. ಅಂಗಸಾಧನೆಯ ಹುಡುಗಿ ನಿತ್ಯ ಬರುವವಳೇ, ಅಂದಿನಿಂದ ಅವಳೊಡನೆ ಮಗುವಿನೊಡನೆ ಮಾತಾಡಿದಂತೆ ರಾಗವೆಳೆದು ಮಾತಾಡತೊಡಗಿದಳು. “ಯಾರ ಅಜ್ಜಿ ಜಾಣ ಅಜ್ಜೀ?” ಎಂದು ಕೇಳಿದಾಗ ಸಾವಂತ್ರೆವ್ವ, “ನಿಮ್ಮವ್ವನ ಅತ್ತಿ,” ಎಂದಳು. ಹುಡುಗಿ ಆ ಉತ್ತರವನ್ನೂ ಗೊಂದಲದ ಮಾತು ಎಂದು ಬರೆದುಕೊಂಡು ಹೋದಳು.

ಇಷ್ಟಕ್ಕೇ ನಿಂತಿದ್ದರೆ ಅವಳು ನಕ್ಕು ಸಹಿಸುತ್ತಿದ್ದಳು. ಆದರೆ ಪಟಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಹೆಸರೇ ಹೇಳುವಂತೆ. ಗಂಡನ ಪಟದಲ್ಲಿ ‘ಆರೈಕೆ ಮಾಡುವವರು: ಹೆಂಡತಿ’ ಎಂದಿತ್ತು. ಅದು ಬದಲಾಯಿತು. ‘ಆರೈಕೆ ಮಾಡುವವರು: ಇಲ್ಲ.’ ಅವಳು ಆಗ ಆತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದಳು. ಆತನನ್ನು ಯಾವ ಮಗ್ಗುಲಿಗೆ ಯಾವಾಗ ಹೊರಳಿಸಬೇಕು, ಯಾವ ನರಳಿಕೆ ನೀರಿಗೆ, ಯಾವುದು ನೋವಿಗೆ ಎಂಬುದು ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಆರೈಕೆ ಮಾಡುವವರಿಲ್ಲದ ರೋಗಿಯನ್ನು ದೂರದ ಆರೈಕೆಮನೆಗೆ ಒಯ್ಯಬೇಕೆಂದು ನಿಯಮ. ಗುರುತು ಮರೆತವಳು ಜೊತೆಗೆ ಹೋಗುವಂತಿಲ್ಲ, ಅದು ರೋಗಿಯ ಸುರಕ್ಷತೆಗೆ.

ನಾನು ಕಚೇರಿಗಳಿಗೆ ಅಲೆದೆ. ಎಲ್ಲರೂ ಸೌಜನ್ಯದವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ನಾವು ಬರೆದದ್ದಲ್ಲ ಎಂದರು. ಮೊದಲು ಬರೆದವನು ಮಾತ್ರ ಅಳಿಸಬಹುದು, ಅವನು ಕೆಲಸ ಬಿಟ್ಟು ಹೋಗಿದ್ದ. ಒಬ್ಬ ಗುಮಾಸ್ತ ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ, “ಸರ, ಹನ್ನೊಂದ ಮಂದಿ ಸುಳ್ಳ ಹೇಳ್ತಾರೇನ್ರಿ?” ಎಂದ. “ಹನ್ನೊಂದ ಮಂದಿ ಎಲ್ಲಿ ಬಂತಪಾ,” ಎಂದೆ, “ಒಬ್ಬಾಂವ ಅಂದದ್ದನ್ನ ಹನ್ನೊಂದ ಸಲ ಅಂದೀರಿ.” ಅವನು ನಕ್ಕ. ನನ್ನ ಮಾತನ್ನೂ ದೂರು ಎಂದು ದಾಖಲಿಸಿಕೊಂಡ. ಅಂತೆಕಂತೆಗಳನ್ನು ನಂಬಬೇಡಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವು ಅಂತೆಕಂತೆಗೆ ಗಾಜಿನ ಮನೆ ಕಟ್ಟಿಕೊಟ್ಟಿದ್ದೇವೆ.

ಆತನನ್ನು ಒಯ್ಯುವ ವಾಹನ ಬಂದ ಸಂಜೆ ಜೊತೆಗೆ ಬಂದ ಅಧಿಕಾರಿ ಮೇದಿನಿ ಎಂಬ ಹೆಣ್ಣುಮಗಳು, ಚಾಮರಾಜನಗರದ ಕಡೆಯವಳು. ಒಯ್ಯುವ ಮೊದಲು ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವ ಅಧಿಕಾರ ಅವಳಿಗಿತ್ತು. ಯಾರೂ ಬಳಸದ ಅಧಿಕಾರ ಅದು. ಅವಳು ಬಳಸಿದಳು, ಅದಕ್ಕಾಗಿ ಅವಳಿಗೆ ನಮಸ್ಕಾರ. ಚಪ್ಪರ ಇನ್ನೂ ಮಡಚಿರಲಿಲ್ಲ, ಓಣಿಯ ಮಂದಿಯೆಲ್ಲ ಸೇರಿದ್ದರು. ಗಂಡನನ್ನು ಚಕ್ರದ ಕುರ್ಚಿಯಲ್ಲಿ ಹೊಸ್ತಿಲ ತನಕ ತಂದಿದ್ದರು. ಸಾವಂತ್ರೆವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. “ಅಮ್ಮಾ, ನಿಮ್ಮ ಯಜಮಾನ್ರ ಹೆಸರೊಂದು ಹೇಳ್ಬಿಡಿ, ಸಾಕು,” ಎಂದಳು ಮೇದಿನಿ.

ಸಾವಂತ್ರೆವ್ವ ನೆಲ ನೋಡಿದಳು. ಆಗ ಮಾಬೂಬಿ ಹಿಂದಿನಿಂದ ಕೂಗಿದಳು, “ಒಡಪ ಹಾಕಕ್ಕಾ!” ನಮ್ಮ ಸೀಮೆಯಲ್ಲಿ ಮದುಮಗಳು ಮನೆಯೊಳಗೆ ಬರುವಾಗ ಬಾಗಿಲು ಕಟ್ಟಿ ಗಂಡನ ಹೆಸರು ಕೇಳುತ್ತಿದ್ದರು. ಅವಳು ಹೆಸರನ್ನು ಒಂದು ಪದ್ಯದೊಳಗಿಟ್ಟು ಹೇಳುತ್ತಿದ್ದಳು, ಅದಕ್ಕೆ ಒಡಪು ಎನ್ನುತ್ತಾರೆ. ಒಡಪಿನೊಳಗೆ ಹೇಳಿದರೆ ದೋಷವಿಲ್ಲ ಎಂದು ಅಜ್ಜಿಯಂದಿರೇ ದಾರಿ ಬಿಟ್ಟಿದ್ದರು. ಸಾವಂತ್ರೆವ್ವ ತಲೆ ಎತ್ತಿದಳು. ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

ಲಾಳಿ ಹೋದರ ಆ ಕಡಿ, ಬಂದರ ಈ ಕಡಿ,
ಹರದ ಎಳಿ ಕೂಡಸೂದು ನಮ್ಮ ಮನಿ ರೂಢಿ,
ಕೂಡಿದ್ದನ್ನ ಹರಿಯೂದು ಯಾವೂರ ರೂಢಿ?
ಫಕೀರಪ್ಪನವರ ಹೆಸರ ಹೇಳೇನಿ, ಕುರ್ಚಿ ಬಿಡ್ರಿ.

ಓಣಿ ಹೋ ಎಂದಿತು. ಮಾಬೂಬಿ ಅಳುತ್ತಲೇ ಚಪ್ಪಾಳೆ ತಟ್ಟಿದಳು. ನೆನಪು ಹೋದವಳು ನಿಂತ ನಿಲುವಿನಲ್ಲಿ ಪದ್ಯ ಕಟ್ಟಿದ್ದಳು. ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಗಾಜಿನ ಮೇಲೆ ಅಕ್ಷರ ಮೂಡಿತು: ‘ಪ್ರಶ್ನೆಗೆ ಹೊಂದದ ಮಾತು. ಗೊಂದಲ ಹೆಚ್ಚಿದೆ.’ ಅದಕ್ಕೆ ಬೇಕಾದದ್ದು ಒಂದು ಹೆಸರು, ಬರಿಯ ಹೆಸರು, ಹಿಂದಿನ ವರ್ಷಗಳಲ್ಲಿ ಹೇಳಿದ ಹಾಗೆಯೇ. ಮೇದಿನಿ ತನ್ನ ಸಾಕ್ಷ್ಯವನ್ನು ಸೇರಿಸಿದಳು. ಪಟ ಅದನ್ನು ಸ್ವೀಕರಿಸಿ, ಹನ್ನೊಂದರ ಎದುರು ಒಂದು ಎಂದು ತೋರಿಸಿತು. ಅವಳ ಮುಖ ಕೆಂಪಾಯಿತು. “ಅಮ್ಮ, ನಂಗೆ ಅರ್ಥ ಆಯ್ತು. ನನ್ ಕಿವೀಲೇ ಕೇಳ್ದೆ. ಆದ್ರೆ ಇದು ತಗೋತಾ ಇಲ್ವಲ್ಲ. ಒಂದೇ ಒಂದು ಸಲ, ಬರೀ ಹೆಸ್ರು ಹೇಳಿ. ಇಲ್ದಿದ್ರೆ ನಾನು ಕರ್ಕೊಂಡು ಹೋಗ್ಲೇಬೇಕು,” ಎಂದು ಕೈ ಮುಗಿದಳು.

ಆ ಗಳಿಗೆಯನ್ನು ನಾನು ಮರೆಯಲಾರೆ. ಹೇಳಿದರೆ ಗಂಡ ಉಳಿಯುವುದಿಲ್ಲ ಎಂದು ಅವಳು ನಂಬಿದ್ದಳು. ಹೇಳದಿದ್ದರೆ ಈಗಲೇ ಹೋಗುತ್ತಾನೆ ಎಂಬುದು ಕಣ್ಣೆದುರಿಗಿತ್ತು. ಯಾವ ನ್ಯಾಯಾಲಯವೂ ಒಬ್ಬ ಹೆಂಗಸಿಗೆ ಇಂಥ ಪ್ರಶ್ನೆ ಕೇಳಬಾರದು. ಬಾಗಿಲ ಮೇಲಿನ ಗಾಜು ಕೇಳುತ್ತಿತ್ತು. ಅವಳು ಕುರ್ಚಿಯ ಹತ್ತಿರ ಹೋಗಿ, ಗಂಡನ ನಿರ್ಜೀವ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಮೆಲ್ಲಗೆ ಕರೆದಳು.

“ಫಕೀರಪ್ಪ.”

ಆತ ಕತ್ತು ತಿರುಗಿಸಿ ಅವಳನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವಳು ತನ್ನನ್ನು ಹೆಸರು ಹಿಡಿದು ಕರೆದಿದ್ದಳು. ಸೊಟ್ಟಗಾದ ಆ ಮುಖದಲ್ಲಿ ಒಂದು ನಗು ಬಂತು. ಅವಳು ನಗಲಿಲ್ಲ. ಗಾಜು ಹಸಿರಾಯಿತು. ವಾಹನ ಖಾಲಿ ಹೋಯಿತು. ಮರುದಿನ ಒಲೆ ಹತ್ತಿತು, ಬಸ್ಸು ಹೊರಟಿತು, ಅಂಗಸಾಧನೆಯ ಹುಡುಗಿ ರಾಗವೆಳೆಯುವುದನ್ನು ಬಿಟ್ಟಳು. ಹನ್ನೊಂದು ಸೇವೆಗಳೂ ಹೊಸ ಸಂಗತಿಯನ್ನು ಓದಿದವು, ಒಪ್ಪಿದವು. ಯಾರೂ ತಪ್ಪಾಯಿತು ಎನ್ನಲಿಲ್ಲ, ತಪ್ಪಿಗೆ ಒಬ್ಬ ಒಡೆಯ ಇದ್ದರಲ್ಲವೇ?

ಫಕೀರಪ್ಪ ಮುಂದಿನ ಬೇಸಗೆಯಲ್ಲಿ ತೀರಿಕೊಂಡ. ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ಅವಳ ಕೈಯ ನೀರು ಕುಡಿದು. ಎದೆಯಲ್ಲಿ ಕಫ ಕಟ್ಟಿತ್ತು, ಅಂಥ ರೋಗಿಗಳಿಗೆ ಆಗುವುದೇ ಅದು ಎಂದು ವೈದ್ಯರು ಹೇಳಿದರು. ನಾನೂ ಅದನ್ನೇ ನಂಬುತ್ತೇನೆ. ಮಣ್ಣು ಮುಗಿಸಿ ಬಂದು ಸಾವಂತ್ರೆವ್ವನ ಎದುರು ಕೂತು ಅದನ್ನೇ ಹೇಳಿದೆ. ಅವಳು ಆತನ ಹಾಸಿಗೆಯ ಬಟ್ಟೆ ಮಡಚಿಟ್ಟಳು. ಆಮೇಲೆ, “ನಾ ಕರದೆ, ಹೋದ್ರು,” ಎಂದಳು. ಮಾಬೂಬಿ ಆ ದಿನ ಕಡಲೆಕಾಳಿನ ಮಾತು ಎತ್ತಲಿಲ್ಲ.

ವಿಚಾರವಂತರಾದ ನೀವು ಇದು ಅವಳ ಮೌಢ್ಯ, ಪಟದ ತಪ್ಪಲ್ಲ ಎನ್ನಬಹುದು. ಮೌಢ್ಯವೇ ಇರಲಿ. ಆದರೆ ಮರೆವು ಬೇರೆ, ಭಯ ಬೇರೆ, ಪ್ರೀತಿ ಬೇರೆ. ಈ ಮೂರನ್ನು ಬೇರ್ಪಡಿಸಲು ಎದುರು ಕೂತು ಒಂದು ಮಾತು ಕೇಳಿದ್ದರೆ ಸಾಕಿತ್ತು. “ಯಾಕವ್ವಾ ಹೇಳವಲ್ಲಿ?” ಎಂಬ ಒಂದು ಮಾತು. ಹನ್ನೊಂದು ಕಡೆಯಿಂದ ಜನ ಆ ಮನೆಗೆ ಬಂದು ಹೋದರು. ಅವಳನ್ನು ಹಗಲೂರಾತ್ರಿ ಕಾಯುವ ವ್ಯವಸ್ಥೆಯಲ್ಲಿ ಆ ಪ್ರಶ್ನೆ ಯಾರ ಕೆಲಸವೂ ಆಗಿರಲಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಪಟವನ್ನು ಕಟ್ಟಬೇಡಿ ಎನ್ನುವುದಿಲ್ಲ, ಕಟ್ಟಿ. ಆಸ್ಪತ್ರೆ ಬರೆದದ್ದನ್ನು ಅಡುಗೆಮನೆ ಓದಲಿ, ಅಡುಗೆಮನೆ ಕಂಡದ್ದನ್ನು ಆಸ್ಪತ್ರೆ ಓದಲಿ. ಆದರೆ ಓದಿದವನನ್ನು ಸಾಕ್ಷಿ ಎಂದು ಎಣಿಸಬೇಡಿ. ಪ್ರತಿ ಮಾತಿನ ಪಕ್ಕದಲ್ಲಿ ಅದನ್ನು ಕಣ್ಣಾರೆ ಕಂಡವರು ಯಾರು ಎಂದು ಬರೆಯಿರಿ. ತಪ್ಪನ್ನು ಕಂಡ ಯಾರೇ ಆಗಲಿ ಅದನ್ನು ನಿಲ್ಲಿಸಲು ಸಾಧ್ಯವಾಗಲಿ. ಯಾರ ಬದುಕು ಆ ಪುಟದಲ್ಲಿದೆಯೋ ಅವರಿಗೂ ಅದರಲ್ಲಿ ಬರೆಯಲು ಜಾಗ ಕೊಡಿ. ಅದು ಮೂಲೆಯ ಜಾಗವಾಗದಿರಲಿ, ಮೇಲಿನ ಸಾಲೇ ಅವರದಾಗಲಿ. ‘ಓದಿದೆ’, ‘ಒಪ್ಪಿದೆ’ ಎರಡನ್ನೂ ಒಂದು ಮಾಡೋಣ ಎಂದು ಯಾರಾದರೂ ಹೇಳುವ ದಿನ ನೀವು ಆ ಕೋಣೆಯಲ್ಲಿದ್ದರೆ, ದಯವಿಟ್ಟು ಚಹಾ ಬರುವ ಮುಂಚೆ ಕೈ ಎತ್ತಿ.

ಸಾವಂತ್ರೆವ್ವ ಇದ್ದಾಳೆ. ನೆನಪಿನ ಪರೀಕ್ಷೆ ಈಗಲೂ ವರ್ಷ ವರ್ಷ ನಡೆಯುತ್ತದೆ, ಈ ವರ್ಷದ್ದು ಇವತ್ತು ಬೆಳಿಗ್ಗೆ ಆಯಿತು. ನಾನು ಪಕ್ಕದಲ್ಲೇ ಇದ್ದೆ. ಊರು ಕೇಳಿದರು, ಹೇಳಿದಳು. ಗಂಡನ ಹೆಸರು ಕೇಳಿದರು. ಈಗ ಅವಳು ಸೆರಗು ಅಡ್ಡ ಹಿಡಿಯುವುದಿಲ್ಲ, ತಡೆಯುವುದೂ ಇಲ್ಲ. ಪ್ರಶ್ನೆ ಮುಗಿಯುವ ಮೊದಲೇ ಹೇಳಿಬಿಟ್ಟಳು. ಪೂರ್ತಿ ಅಂಕ ಬಂದಿದೆ. ಹನ್ನೊಂದು ಕಡೆಯವರೂ ಓದಿ ಒಪ್ಪಿದ್ದಾರೆ.

ನಿಮ್ಮ ಮರಿಮೊಮ್ಮಕ್ಕಳ ಕಾಲದವನು,
ಇಂದುಧರ ಹೊಂಬಳ